ಬಿಡುವಿನ ಮೀಟರುಗಳು

ನಾನು ಒಂದು ರೋಯಿಂಗ್ ಮಷಿನ್. ನೀರಿಲ್ಲದ ಕೋಣೆಯಲ್ಲಿ ದೋಣಿ ನಡೆಸುವ ಅಭ್ಯಾಸಕ್ಕಾಗಿ ಮಾಡಿದ ಯಂತ್ರ. ನನಗೆ ಉದ್ದನೆಯ ಒಂದು ಹಳಿ ಇದೆ. ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಪುಟ್ಟ ಸೀಟು ಇದೆ. ಮುಂದುಗಡೆ ಜಾಲರಿಯೊಳಗೆ ಒಂದು ಗಾಳಿಚಕ್ರ, ಅದಕ್ಕೆ ಜೋಡಿಸಿದ ಸರಪಳಿ, ಸರಪಳಿಯ ತುದಿಯಲ್ಲಿ ಮರದ ಹಿಡಿಕೆ. ಪಾದಗಳನ್ನು ಪಟ್ಟಿಯಲ್ಲಿ ಬಿಗಿದುಕೊಂಡು ಮೊದಲು ಕಾಲಿನಿಂದ ಒದ್ದು, ಆಮೇಲೆ ಬೆನ್ನು ಚಾಚಿ, ಕೊನೆಗೆ ತೋಳಿನಿಂದ ಎಳೆದರೆ ಚಕ್ರ ಬುಸುಗುಟ್ಟುತ್ತ ತಿರುಗುತ್ತದೆ. ನೀರಿನ ಮೇಲೆ ಇದ್ದಿದ್ದರೆ ಎಷ್ಟು ದೂರ ಹೋಗುತ್ತಿದ್ದಿರಿ ಎಂಬುದನ್ನು ನನ್ನ ಪರದೆ ಮೀಟರುಗಳಲ್ಲಿ ಹೇಳುತ್ತದೆ. ಹೋಗುವುದು ಎಲ್ಲಿಗೂ ಇಲ್ಲ.

ತಮ್ಮ ಕಥೆ ಹೇಳಿಕೊಳ್ಳುವ ವಸ್ತುಗಳು ಸಾಮಾನ್ಯವಾಗಿ ತಾವು ಮಾಡಿದ ಸೇವೆಯನ್ನು ನೆನೆಯುತ್ತವೆ. ನಾನೂ ಬೆಳಗ್ಗೆ ಐದೂವರೆಗೆ ಎದ್ದು ದುಡಿದಿದ್ದೇನೆ. ಆದರೆ ಒಂಟಿಯಾಗಿ ಕೂತು ಯೋಚಿಸುವ ಈ ದಿನಗಳಲ್ಲಿ ನೆನಪಾಗುವುದು ಆ ದುಡಿಮೆ ಅಲ್ಲ. ಒಂದು ನಾಚಿಕೆ. ಅದನ್ನು ಮೊದಲಿನಿಂದ ಹೇಳುತ್ತೇನೆ.

ನನ್ನನ್ನು ಜೋಡಿಸಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಪರದೆಯೊಳಗೆ ಎರಡು ಪುಟಗಳನ್ನು ಇಟ್ಟರು. ಒಂದು ಪರೀಕ್ಷೆ ಮುಗಿದ ಕೂಡಲೇ ಮೊದಲ ಪುಟ ತಾನಾಗಿ ಮೂಡುತ್ತದೆ. ಅದರಲ್ಲಿರುವುದು ಒಟ್ಟು ಮೀಟರು ಮಾತ್ರ. ಬಲಗಡೆಯ ಗುಂಡಿಯನ್ನು ಒತ್ತಿದರೆ ಎರಡನೇ ಪುಟ ಬರುತ್ತದೆ. ಅದರಲ್ಲಿ ಎಳೆತದ ಮೀಟರು ಬೇರೆ, ಬಿಡುವಿನ ಮೀಟರು ಬೇರೆ. ಯಾಕೆಂದರೆ ನನ್ನ ಮೇಲೆ ಮಾಡುವ ಕಠಿಣ ಅಭ್ಯಾಸವೆಲ್ಲ ತುಂಡು ತುಂಡಾಗಿರುತ್ತದೆ. ಮೂರು ನಿಮಿಷ ಜೀವ ಹೋಗುವಂತೆ ಎಳೆಯುವುದು, ಒಂದೂವರೆ ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಎಳೆಯುವುದು. ಸುಧಾರಿಸಿಕೊಳ್ಳುವಾಗ ಯಾರಾದರೂ ಹಗುರಾಗಿ ಎಳೆಯುತ್ತಿದ್ದರೆ ಆ ದೂರವನ್ನೂ ನಾನು ಬಿಡದೆ ಎಣಿಸುತ್ತೇನೆ. ಎಣಿಸುವುದು ನನ್ನ ಗುಣ. ಯಾವ ಪುಟ ಮೊದಲು ಎಂಬುದನ್ನು ನಾನು ತೀರ್ಮಾನಿಸಿದ್ದಲ್ಲ. ಈ ಮಾತನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ನನ್ನ ಮೊದಲ ಮನೆ ಹುಬ್ಬಳ್ಳಿಯ ಒಂದು ಹೋಟೆಲು. ಕನ್ನಡಿಗಳ ವ್ಯಾಯಾಮ ಕೋಣೆ. ಮದುವೆಗೆ ಬಂದ ಬೀಗರು ಮಧ್ಯಾಹ್ನದ ಊಟ ಮುಗಿಸಿ ಬಂದು ನನ್ನ ಮೇಲೆ ಉಲ್ಟಾ ಕೂರುತ್ತಿದ್ದರು. "ಏ ಮಾವಾ, ಮುಖ ಆ ಕಡೆ ಮಾಡ್ರಿ, ಇದೇನ್ ಎತ್ತಿನ ಬಂಡಿ ಅಲ್ಲ" ಎಂದು ಯಾರೋ ನಗುತ್ತಿದ್ದರು. ಹತ್ತು ಎಳೆತಕ್ಕೆ ಅವರ ಉಸಿರು ಮುಗಿಯುತ್ತಿತ್ತು. ಒಂದು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ನಾನು ನಲವತ್ತು ಮೀಟರು, ಐವತ್ತು ಮೀಟರು ಎಂದು ತೋರಿಸುತ್ತ ಕೂತಿರುತ್ತಿದ್ದೆ. ಆಗ ನನಗೆ ಒಂದು ಜಂಬವಿತ್ತು. ಇವರೆಲ್ಲ ಫೋಟೊಗಾಗಿ ಸುಳ್ಳು ಮುಖ ಮಾಡುತ್ತಾರೆ, ನಾನು ಮಾತ್ರ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ.

ಮೂರು ವರ್ಷದ ಮೇಲೆ ಹೋಟೆಲಿನವರು ಆ ಕೋಣೆಯನ್ನು ಮುಚ್ಚಿ ಊಟದ ಹಾಲ್ ಮಾಡಿದರು. ನನ್ನನ್ನು ಕಾಳಿ ನದಿಯ ಹಿನ್ನೀರಿನ ದಡದಲ್ಲಿದ್ದ ಒಂದು ಜಲಕ್ರೀಡೆ ತರಬೇತಿ ಕೇಂದ್ರಕ್ಕೆ ದಾನವಾಗಿ ಕೊಟ್ಟರು. ತಗಡಿನ ಚಾವಣಿಯ ಉದ್ದನೆಯ ಕೋಣೆ. ಒಂದು ಕಡೆ ದೋಣಿಗಳು, ಇನ್ನೊಂದು ಕಡೆ ನಾನು.

ಅಲ್ಲಿ ನನ್ನನ್ನು ಇಳಿಸಿಕೊಂಡವನು ಅಡಿವೆಪ್ಪ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು, ಸೈನ್ಯದ ದೋಣಿ ತಂಡದಲ್ಲಿ ಹದಿನಾಲ್ಕು ವರ್ಷ ಹುಟ್ಟು ಹಾಕಿ, ನಿವೃತ್ತನಾಗಿ ಇಲ್ಲಿ ತರಬೇತುದಾರನಾಗಿದ್ದ. ಕಲಘಟಗಿ ಕಡೆಯವನು. ಲಾರಿಯಿಂದ ಇಳಿಸಿದ ದಿನವೇ ಅವನು ನನ್ನ ಸರಪಳಿಯನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ, ಹನಿ ಹನಿ ಎಣ್ಣೆ ಬಿಟ್ಟು, ಎರಡೂ ಕೈಯಿಂದ ಹಿಡಿಕೆಯನ್ನು ಎಳೆದು ನೋಡಿದ. ನನ್ನ ಚಕ್ರಕ್ಕೆ ಮೊದಲ ಸಲ ಒಬ್ಬ ಬಲ್ಲವನ ಕೈ ಸಿಕ್ಕಿತ್ತು. ಅಂದಿನಿಂದ ಪ್ರತಿ ಸೋಮವಾರ ಎಣ್ಣೆ ತಪ್ಪಲಿಲ್ಲ. ಅವನು ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು.

ಬೇಸಿಗೆಯ ಶಿಬಿರಕ್ಕೆ ಎಂಟು ಹುಡುಗಿಯರು ಬಂದರು. ಅವರಲ್ಲಿ ಒಬ್ಬಳನ್ನು ರಾಜ್ಯದ ಕ್ರೀಡಾ ನಿಲಯಕ್ಕೆ ಆರಿಸುವುದಿತ್ತು. ಅಲ್ಲಿ ಊಟ, ಕಾಲೇಜು, ಒಳ್ಳೆಯ ದೋಣಿ, ರಾಷ್ಟ್ರಮಟ್ಟದ ತರಬೇತಿ. ಜಾಗ ಒಂದೇ. ಅದಕ್ಕೆ ನಿಜವಾಗಿ ಹೋರಾಡುವವರು ಇಬ್ಬರು ಎಂದು ಮೊದಲ ವಾರದಲ್ಲೇ ನನಗೆ ತಿಳಿಯಿತು. ಕೆಳಗಿನಿಂದ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಪಾದಗಳು ಪಟ್ಟಿಯನ್ನು ಹೇಗೆ ಒದೆಯುತ್ತವೆ ಎಂಬುದು ಸಾಕು.

ಒಬ್ಬಳು ಮಲಪ್ರಭಾ, ಹಳಿಯಾಳದ ಹತ್ತಿರದ ಹಳ್ಳಿಯವಳು. ಅಪ್ಪ ಹಿಂದೆ ಕುಸ್ತಿ ಆಡಿದವನು. ಅವಳೂ ಎರಡು ವರ್ಷ ಗರಡಿಮನೆಯ ಮಟ್ಟಿಯ ಮಣ್ಣಿನಲ್ಲಿ ಉರುಳಾಡಿ ಬಂದಿದ್ದಳು. ಎಳೆತ ಶುರುವಾದರೆ ನನ್ನ ಹಳಿ ನೆಲದ ಮೇಲೆ ಅರ್ಧ ಇಂಚು ಸರಿಯುತ್ತಿತ್ತು. ಮೂರು ನಿಮಿಷದಲ್ಲಿ ತನ್ನಲ್ಲಿದ್ದದ್ದನ್ನೆಲ್ಲ ಖರ್ಚು ಮಾಡಿ, ಬಿಡುವು ಬಂದ ಕೂಡಲೇ ಹಿಡಿಕೆ ಇಟ್ಟು, ಮೊಣಕಾಲಿನ ಮೇಲೆ ಹಣೆ ಊರಿ ಬಿದ್ದುಕೊಳ್ಳುತ್ತಿದ್ದಳು. ಬೆವರು ತಟತಟನೆ ಹಳಿಯ ಮೇಲೆ ಬೀಳುತ್ತಿತ್ತು. ಕೊನೆಯ ಇಪ್ಪತ್ತು ಸೆಕೆಂಡಿಗೆ ತಲೆ ಎತ್ತಿ ಎರಡು ಸಲ ಮೆಲ್ಲಗೆ ಎಳೆದು ಮತ್ತೆ ಸಿದ್ಧಳಾಗುತ್ತಿದ್ದಳು.

ಇನ್ನೊಬ್ಬಳು ಸುಗಂಧಾ, ಗಂಗಾವಳಿ ನದಿ ಸಮುದ್ರ ಸೇರುವ ಕಡೆಯ ಅಂಬಿಗರ ಹುಡುಗಿ. ಅವಳಪ್ಪ ನದಿ ದಾಟಿಸುವ ದೋಣಿ ನಡೆಸುತ್ತಿದ್ದ. ಅವಳ ಎಳೆತ ಉದ್ದ, ಮೃದು, ಒಂದರ ಹಾಗೆ ಇನ್ನೊಂದು. ಮತ್ತು ಅವಳು ಬಿಡುವಿನಲ್ಲೂ ನಿಲ್ಲುತ್ತಿರಲಿಲ್ಲ.

"ಯವ್ವಾ, ನೀ ಊಟಕ್ಕ ಕುಂತಾಗೂ ಹಿಂಗ ಎಳೀತಿಯೇನ?" ಎಂದು ಮಲಪ್ರಭಾ ಕೇಳಿದ್ದಳು.

ಸುಗಂಧಾ ನಕ್ಕು, "ನಮ್ಮಲ್ಲಿ ಇಳಿತದ ಹೊತ್ತಿಗೆ ಹುಟ್ಟು ನಿಲ್ಸಿದ್ರೆ ದೋಣಿ ಸೀದಾ ಸಮುದ್ರಕ್ಕೆ ಹೋಗ್ತದೆ ಮಾರಾಯ್ತಿ. ನಮ್ಮಪ್ಪ ಬೀಡಿ ಹಚ್ಚುವಾಗ್ಲೂ ಒಂದು ಕೈಲಿ ಎಳೀತಾ ಇರ್ತಾರೆ. ಕೈ ಬಿಡುದು ನಂಗೆ ಬರುದೇ ಇಲ್ಲ" ಅಂದಳು.

ಅಡಿವೆಪ್ಪನಿಗೆ ಅವಳ ಈ ರೂಢಿ ಇಷ್ಟವಾಗಿತ್ತು. ಸೈನ್ಯದಲ್ಲಿ ಅವನಿಗೆ ಕಲಿಸಿದ್ದೂ ಅದೇ. "ಎಳಿಯೂದು ಎತ್ತಿಗೂ ಬರ್ತೈತಿ. ಸುಧಾರಿಸಿಕೊಳ್ಳೂದು ಕಲೀರಿ. ಬಿಡುವಿನ್ಯಾಗ ಸತ್ತವರಂಗ ಬೀಳಬ್ಯಾಡ್ರಿ, ಸಣ್ಣಗ ಎಳೀತಿರ್ರಿ, ರಕ್ತ ಹರೀತಿರಬೇಕು" ಎನ್ನುತ್ತಿದ್ದ. ಮಲಪ್ರಭಾ ಮಾತ್ರ ಕೇಳುತ್ತಿರಲಿಲ್ಲ.

"ಏ ಹುಡುಗಿ, ಮತ್ತ ಬಿದ್ದಿ ಅಲ್ಲ?"

"ಇದ್ದದ್ದೆಲ್ಲಾ ಕೊಟ್ಟಬಿಟ್ಟೀನ್ರಿ ಕಾಕಾ. ಈಗ ಏನೂ ಉಳದಿಲ್ಲ."

"ಕಾಕಾ ಅನಬ್ಯಾಡ. ಸರ್ ಅನ್ನು."

ಉಳಿದ ಹುಡುಗಿಯರು ಕಿಸಕ್ಕನೆ ನಕ್ಕರು. ಅವಳ ಊರಿಗೂ ಅಡಿವೆಪ್ಪನ ಊರಿಗೂ ಎರಡು ತಾಸಿನ ದಾರಿ. ಮಾತೂ ಒಂದೇ ತೆರ. "ನಿಮ್ಮ ಕಾಕಾ ನಿಂಗೇ ಜಾಗ ಕೊಡ್ತಾರೆ ಬಿಡು" ಎಂದು ಯಾರೋ ಚುಚ್ಚಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಅವನು ಅವಳನ್ನು ಹೊಗಳುವುದನ್ನು ನಿಲ್ಲಿಸಿದ. ಅವಳು ಚೆನ್ನಾಗಿ ಎಳೆದಾಗ ಕಿಟಕಿಯ ಕಡೆ ನೋಡುತ್ತಿದ್ದ.

ಮಲಪ್ರಭಾಗೆ ಇದು ಕೊನೆಯ ಅವಕಾಶ. ಜುಲೈಯಲ್ಲಿ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಆಮೇಲೆ ನಿಲಯ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸುಗಂಧಾಗೆ ಇನ್ನೂ ಹದಿನಾರು.

ಆಯ್ಕೆಯ ದಿನ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ನಿಯಮದಂತೆ ತರಬೇತುದಾರ ಕೋಣೆಯಲ್ಲಿ ಇರಬಾರದು. ಅಡಿವೆಪ್ಪ ಹೊರಗೆ, ದೋಣಿ ಇಳಿಸುವ ಮೆಟ್ಟಿಲ ಮೇಲೆ, ಕೋಣೆಗೆ ಬೆನ್ನು ಹಾಕಿ ಕೂತ. ಹುಡುಗಿಯರು ಸಂಖ್ಯೆ ನೋಡಿ ಎಳೆತ ಬದಲಿಸಬಾರದೆಂದು ನನ್ನ ಪರದೆಯ ಮೇಲೆ ರಟ್ಟಿನ ತುಂಡು ಇಟ್ಟರು. ಮೂರು ನಿಮಿಷದ ಎಳೆತ ನಾಲ್ಕು, ನಡುವೆ ಒಂದೂವರೆ ನಿಮಿಷದ ಬಿಡುವು ಮೂರು. ಬಿಡುವಿನಲ್ಲಿ ಹಗುರಾಗಿ ಎಳೆಯಲು ಅಡ್ಡಿಯಿಲ್ಲ ಎಂದರು.

ಸುಗಂಧಾ ಎಂದಿನಂತೆ ಎಳೆದಳು. ಬಿಡುವಿನಲ್ಲೂ ಎಂದಿನಂತೆ. ನಾಲ್ಕನೆಯದು ಮುಗಿದು ಅವಳು ಇಳಿದ ಮೇಲೆ ಅಧಿಕಾರಿ ರಟ್ಟು ಎತ್ತಿ, ಮೊದಲ ಪುಟವನ್ನು ಗಟ್ಟಿಯಾಗಿ ಓದಿ ಬರೆದುಕೊಂಡರು. ಮೂರು ಸಾವಿರದ ಐನೂರ ಇಪ್ಪತ್ತು.

"ನೆಕ್ಸ್ಟ್. ಬೇಗ ಬಾರಮ್ಮ, ನಾನಿನ್ನೂ ಎರಡು ಕಡೆ ಹೋಗ್ಬೇಕು."

ಮಲಪ್ರಭಾ ಬಂದಳು. ಅವತ್ತು ಅವಳು ಎಳೆದದ್ದನ್ನು ಹೇಗೆ ಹೇಳಲಿ? ನನ್ನ ಚಕ್ರ ಅಷ್ಟು ಹೊತ್ತು ಅಷ್ಟು ಜೋರಾಗಿ ಯಾವತ್ತೂ ತಿರುಗಿರಲಿಲ್ಲ. ಜಾಲರಿಯಿಂದ ಹೊರಟ ಗಾಳಿಗೆ ಅಧಿಕಾರಿಯ ಕಾಗದಗಳು ಮೇಲೆದ್ದವು. ಅವರು ಅದರ ಮೇಲೆ ನೀರಿನ ಬಾಟಲಿ ಇಟ್ಟರು. ಬಿಡುವು ಬಂದಾಗ ಅವಳು ಹಣೆ ಊರಿ ಬಿದ್ದಳು. ಚಕ್ರದ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಆ ಮೌನದಲ್ಲಿ ನನಗೆ ಅವಳ ಉಸಿರು ಮಾತ್ರ ಕೇಳುತ್ತಿತ್ತು. ನಾಲ್ಕನೆಯ ಎಳೆತ ಮುಗಿದಾಗ ಅವಳು ಸೀಟಿನಿಂದ ಪಕ್ಕಕ್ಕೆ ಜಾರಿ ನೆಲದ ಮೇಲೆ ಅಂಗಾತ ಮಲಗಿದಳು. ಅಧಿಕಾರಿ ರಟ್ಟು ಎತ್ತಿದರು. ಮೊದಲ ಪುಟ. ಮೂರು ಸಾವಿರದ ಮುನ್ನೂರ ಎಂಬತ್ತು.

ಬಲಗಡೆಯ ಗುಂಡಿ ಅವರ ಹೆಬ್ಬೆರಳಿನಿಂದ ಒಂದು ಇಂಚು ದೂರದಲ್ಲಿತ್ತು. ಒತ್ತಿದ್ದರೆ ಎಳೆತದಲ್ಲಿ ಮಲಪ್ರಭಾ ಬಹಳ ಮುಂದಿದ್ದಾಳೆ, ಸುಗಂಧಾಳ ಒಟ್ಟಿನೊಳಗೆ ಬಿಡುವಿನ ನೂರಾರು ಮೀಟರು ಸೇರಿಕೊಂಡಿದೆ ಎಂದು ಕಾಣುತ್ತಿತ್ತು. ಅವರು ಒತ್ತಲಿಲ್ಲ. ನಾನು ಸುಮ್ಮನಿದ್ದೆ. ನಾನು ಸುಳ್ಳು ಹೇಳಲಿಲ್ಲ. ನಿಜವನ್ನು ಎರಡನೇ ಪುಟದಲ್ಲಿ ಇಟ್ಟುಕೊಂಡು ಕೂತೆ.

ಮರುದಿನ ಹಲಗೆಯ ಮೇಲೆ ಸುಗಂಧಾಳ ಹೆಸರು ಬಂತು. ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬೇಕೆಂದು ಕೆಳಗೆ ಬರೆದಿತ್ತು. ಸುಗಂಧಾ ಅಳುತ್ತಿದ್ದಳು. ಮಲಪ್ರಭಾ ಅವಳ ಜಡೆ ಎಳೆದು, "ಅಳೂದ್ಯಾಕಲೇ? ಹೋಗು. ಅಲ್ಲಿ ದಿನಾ ತತ್ತಿ ಕೊಡ್ತಾರಂತ, ನನ್ನ ಪಾಲಿಂದೂ ತಿನ್ನು" ಅಂದಳು. ಆಮೇಲೆ ದೋಣಿಗಳ ಹಿಂದೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಅಡಿವೆಪ್ಪ ಒಬ್ಬನೇ ಬಂದ. ನನ್ನ ಪರದೆ ಹಚ್ಚಿದ. ಅವನ ಬೆರಳಿಗೆ ದಾರಿ ಗೊತ್ತಿತ್ತು. ಆಯ್ಕೆಯ ದಿನ, ಮಲಪ್ರಭಾಳ ಸಾಲು, ಬಲಗಡೆಯ ಗುಂಡಿ. ನೋಡಿದ. ಸುಗಂಧಾಳದನ್ನು ತೆಗೆದ. ನೋಡಿದ. ಹಣೆಯ ಬೆವರು ಒರೆಸಿಕೊಳ್ಳಲೂ ಇಲ್ಲ. ಇನ್ನೂ ಹನ್ನೆರಡು ದಿನ ಇತ್ತು. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೆ? ಕೊನೆಗೂ ಒಬ್ಬ ಬಲ್ಲವನು ಕೇಳಿದ, ನಾನು ಹೇಳಿದೆ ಅಂದುಕೊಂಡೆ.

ಮಾರನೆಯ ದಿನ ಅವನು ಅಲ್ಲೇ ನಿಂತು ಅಧಿಕಾರಿಗೆ ಫೋನ್ ಮಾಡಿದ. ಆ ಕಡೆಯ ಮಾತು ನನಗೆ ಕೇಳಲಿಲ್ಲ.

"ನಮಸ್ಕಾರ್ರಿ ಸರ್. ಮೊನ್ನೆಯ ಆಯ್ಕೆದಾಗ ಒಂದು ಸಣ್ಣ... ಹೌದ್ರಿ, ಎರಡನೇದಾಗಿ ಬಂದಾಕಿ... ಹೌದ್ರಿ, ಹಳಿಯಾಳದಾಕಿ."

ಅವನು ಸ್ವಲ್ಪ ಹೊತ್ತು ಕೇಳಿದ.

"ಏನಂದ್ರಿ? ಇಲ್ರಿ, ಸಂಬಂಧ ಏನಿಲ್ರಿ. ನಮ್ಮ ಕಡೆಯಾಕಿ ಅಷ್ಟ. ಅಲ್ರಿ ಸರ್, ಹಂಗಲ್ರಿ... ಇಲ್ರಿ. ಇರ್ಲಿ ಬಿಡ್ರಿ. ಇಲ್ರಿ, ಬರಕೊಡೂದೇನಿಲ್ಲ."

ಫೋನು ಕಿಸೆಗೆ ಸೇರಿತು. ಆಮೇಲಿನ ದಿನಗಳಲ್ಲಿ ಅವನು ಬರುತ್ತಿದ್ದ, ಆ ಪುಟ ತೆಗೆಯುತ್ತಿದ್ದ, ನೋಡುವ ಮೊದಲೇ ಮುಚ್ಚುತ್ತಿದ್ದ. ನಾನು ಬೆಳಗುಗಳನ್ನು ಎಣಿಸಿದೆ. ಹತ್ತು ಉಳಿಯಿತು. ಆರು ಉಳಿಯಿತು. ಎರಡು ಉಳಿದ ದಿನ ಅವನು ಬಂದು, ಬಾಗಿಲು ಮುಂದೆ ಮಾಡಿ, ಪರದೆ ಹಚ್ಚಿ, ಆಯ್ಕೆಯ ದಿನವನ್ನು ತೆಗೆದು ಇನ್ನೊಂದು ಗುಂಡಿಯನ್ನು ಒತ್ತಿದ.

ನಾನು ಜೀವನದಲ್ಲಿ ಕೇಳಬಲ್ಲ ಪ್ರಶ್ನೆ ಒಂದೇ. ಅದನ್ನು ಕೇಳಿದೆ: ಈ ದಿನದ ದಾಖಲೆಯನ್ನು ಅಳಿಸಬೇಕೆ?

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಹೌದು ಒತ್ತಿದ.

ನಾನು ತಡಮಾಡಲಿಲ್ಲ. ಸರಪಳಿ ಸಿಕ್ಕಿಕೊಳ್ಳುವುದು, ಪರದೆ ಮಂಕಾಗುವುದು, ಬ್ಯಾಟರಿ ಕೈಕೊಡುವುದು, ಇದೆಲ್ಲ ನನಗೂ ಬರುತ್ತದೆ. ಬೇಡವಾದ ಎಷ್ಟೋ ದಿನ ಹಾಗೆ ಮಾಡಿದ್ದೇನೆ. ಅವತ್ತು ಮಾತ್ರ ಒಂದು ಕ್ಷಣದಲ್ಲಿ ಅಳಿಸಿಕೊಟ್ಟೆ. ಆ ದಿನದ ಸಾಲುಗಳೆಲ್ಲ ಇದ್ದ ಜಾಗ ಖಾಲಿಯಾಯಿತು. ಅವನು ಎಣ್ಣೆ ಬಿಡದೆ ಹೋದ. ಅಂದು ಸೋಮವಾರವಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಹೊತ್ತುಕೊಂಡು ಹೇಗೋ ಇರುತ್ತಿದ್ದೆನೇನೋ. ಆದರೆ ಶಿಬಿರ ಇನ್ನೂ ಒಂದು ತಿಂಗಳಿತ್ತು. ಮಲಪ್ರಭಾ ದಿನವೂ ಬಂದಳು. ತಾನು ಯಾಕೆ ಸೋತೆ ಎಂದು ಅವಳು ಯೋಚಿಸಿದ್ದಳು, ಉತ್ತರವನ್ನೂ ಕಂಡುಕೊಂಡಿದ್ದಳು. ಬಿಡುವಿನಲ್ಲಿ ಬಿದ್ದುಕೊಳ್ಳುವುದೇ ತನ್ನ ತಪ್ಪು. ಸುಗಂಧಾ ಬೀಳುವುದಿಲ್ಲ, ಅದಕ್ಕೇ ಗೆದ್ದಳು. ಆದ್ದರಿಂದ ಮಲಪ್ರಭಾ ಬೀಳುವುದನ್ನು ಬಿಟ್ಟಳು. ಬಿಡುವಿನಲ್ಲಿ ಎಳೆಯಲು ಶಕ್ತಿ ಉಳಿಯಬೇಕೆಂದು ಎಳೆತದಲ್ಲಿ ಹಿಡಿದು ಹಿಡಿದು ಎಳೆಯತೊಡಗಿದಳು.

ಅದನ್ನು ನಾನು ಪಟ್ಟಿಗಳಲ್ಲಿ, ಸರಪಳಿಯಲ್ಲಿ ಅನುಭವಿಸಿದೆ. ಮೊದಲಿನ ಆ ಒದೆತ ಇಲ್ಲ. ಹಳಿ ಇದ್ದಲ್ಲೇ ಇತ್ತು. ತನ್ನ ಬಲವನ್ನೇ ದೋಷವೆಂದು ತಿಳಿದು ದಿನಕ್ಕಿಷ್ಟು ಕಡಿಮೆ ಮಾಡಿಕೊಳ್ಳುತ್ತಿದ್ದ ಹುಡುಗಿ ನನ್ನ ಮೇಲೆ ಕೂತಿದ್ದಳು. ನಾನು ಮೊದಲ ಪುಟದಲ್ಲಿ ದೊಡ್ಡದಾಗುತ್ತಿದ್ದ ಒಟ್ಟನ್ನು ತೋರಿಸುತ್ತಿದ್ದೆ. ಅವಳು ಅದನ್ನು ನೋಡಿ ಖುಷಿಪಡುತ್ತಿದ್ದಳು.

ಅಡಿವೆಪ್ಪನಿಗೂ ಅದು ಕಾಣುತ್ತಿತ್ತು. ಒಂದು ಬೆಳಗ್ಗೆ ತಡೆಯಲಾರದೆ ಹತ್ತಿರ ಬಂದ.

"ಹಿಂಗ ಕೈ ಹಿಡಿಬ್ಯಾಡ. ಮೊದ್ಲ ಎಳೀತಿದ್ದಿ ಅಲ್ಲ, ಹಂಗ ಎಳೀ."

"ಹಂಗ ಎಳದ ಸೋತೆ ಅಲ್ರಿ ಸರ್."

"ಬಿಡುವಿನ್ಯಾಗ ಬಿದ್ರ ಬೀಳು. ಅಡ್ಡಿಯಿಲ್ಲ."

ಅವಳು ಹಿಡಿಕೆ ಹಿಡಿದುಕೊಂಡೇ ಅವನ ಮುಖ ನೋಡಿದಳು. "ಎರಡು ತಿಂಗಳು ಬೀಳಬ್ಯಾಡ ಅಂತ ಬೈದ್ರಿ. ಈಗ ಬೀಳು ಅಂತೀರಿ. ನಾ ಸೋತ ಮ್ಯಾಲ ಕಾಳಜಿ ಬಂತೇನ್ರಿ?"

ಅವನ ಬಾಯಿಯವರೆಗೆ ಮಾತು ಬಂದಿತ್ತು. ಆಮೇಲೆ ಅವನು ದೋಣಿಗಳ ಕಡೆ ನಡೆದುಬಿಟ್ಟ. ಅವಳು ಮತ್ತೆ ಎಳೆದಳು, ಹಿಡಿದು ಹಿಡಿದು.

ಶಿಬಿರ ಮುಗಿಯಿತು. ಜುಲೈ ಬಂತು, ಹೋಯಿತು. ಮಲಪ್ರಭಾ ಹಳಿಯಾಳದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳೆಂದು ಯಾರೋ ಹೇಳಿದರು.

ಚೌತಿಯ ರಜೆಗೆ ಸುಗಂಧಾ ಊರಿಗೆ ಬಂದವಳು ಕೇಂದ್ರಕ್ಕೂ ಬಂದಳು. ನಿಲಯದ ಹೊಸ ಜಾಕೆಟ್ ಹಾಕಿದ್ದಳು. ಮುಖ ಮಾತ್ರ ಬಾಡಿತ್ತು. ಅಡಿವೆಪ್ಪ ದೋಣಿಗೆ ಬಣ್ಣ ಬಳಿಯುತ್ತಿದ್ದ.

"ಸರ್, ಅಲ್ಲಿ ನಾನು ಕಟ್ಟಕಡೆಯವಳು" ಎಂದಳು. "ಅಲ್ಲಿ ಬಿಡುವಿನ ಮೀಟರು ಲೆಕ್ಕಕ್ಕೇ ಇಲ್ಲ. ಎರಡನೇ ಪುಟ ನೋಡ್ತಾರೆ. ನಮ್ಮಲ್ಲಿ ನೋಡಿದ್ರಾ?"

ಅವನು ಬಣ್ಣದ ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟ. ತೆಗೆಯಲಿಲ್ಲ.

"ಸರ್, ಕೇಳ್ತಾ ಇದ್ದೆ. ಮಲಪ್ರಭಾ ನಂಗಿಂತ ಮುಂದಿದ್ಲಾ?"

"ಹೌದು."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೂರನೇ ದಿನ."

ಸುಗಂಧಾ ನನ್ನ ಹಳಿಯ ಮೇಲೆ ಕೂತಳು. "ಮೂರನೇ ದಿನ! ಹನ್ನೆರಡು ದಿನ ಇತ್ತಲ್ದಾ ಸರ್? ನಂಗೆ ಕೈ ಬಿಡುದು ಬರುದಿಲ್ಲ, ಅದಕ್ಕೆ ಎಳ್ದೆ. ಕದಿಯುಕೆ ಎಳ್ದದ್ದಲ್ಲ. ಈಗ ಕದ್ದ ಹಾಗೇ ಆಯ್ತು. ನೀವು ನನ್ನ ಕಳ್ಳಿ ಮಾಡಿದ್ರಿ."

"ನಮ್ಮ ಕಡೆ ಹುಡುಗಿ ಅಂತ ಬದಲಿ ಮಾಡಿದಾ ಅಂತಾರ ಅಂತ ಅಂಜಿದೆ" ಎಂದ ಅಡಿವೆಪ್ಪ. ಅವನ ದನಿ ಬಹಳ ಸಣ್ಣದಾಗಿತ್ತು.

"ನಾನು ಬಿಟ್ಟು ಬಂದ್ರೆ ಅವಳಿಗೆ ಸಿಗ್ತದಾ?"

"ಇಲ್ಲವ್ವಾ. ಅಕಿ ವಯಸ್ಸು ಮುಗೀತು. ನೀ ಬಿಟ್ರ ಖಾಲಿ ಬೀಳ್ತೈತಿ ಅಷ್ಟ."

ಅವಳು ಎದ್ದು ನಿಂತಳು. "ನೀವು ಹೋಗಿ ಹೇಳ್ಬೇಕು. ನೀವು ಹೇಳದಿದ್ರೆ ನಾನು ಹೇಳ್ತೆ. ಆದ್ರೆ ನಾನು ಹೇಳಿದ್ರೆ ಅವಳಿಗೆ ನನ್ನ ಮುಖ ನೋಡಿ ನಗ್ಬೇಕಾಗ್ತದೆ. ಅವಳು ಹಾಗೇ. ನಿಮ್ಮ ಹತ್ರ ಆದ್ರೆ ಬೈಬಹುದು."

ಆ ಭಾನುವಾರ ಅವನು ಒಗೆದ ಅಂಗಿ ಹಾಕಿಕೊಂಡು ಹಳಿಯಾಳದ ಬಸ್ಸಿಗೆ ಹೋದ. ಸಂಜೆ ಬಂದು ನನ್ನ ಸೀಟಿನ ಮೇಲೆ ಕೂತ. ಕಾಲು ಪಟ್ಟಿಗೆ ಹಾಕಲಿಲ್ಲ, ಹಿಡಿಕೆ ಮುಟ್ಟಲಿಲ್ಲ. ಅಲ್ಲಿ ಏನಾಯಿತೆಂದು ಅವನು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿರುವುದು ಅದರ ಮುಂದಿನ ಭಾನುವಾರದ ವಿಷಯ. ಅವತ್ತು ಅವಳೇ ಬಂದಳು.

ಅಂಗಡಿಯ ಸಮವಸ್ತ್ರದ ಸೀರೆಯನ್ನು ಚೀಲದಲ್ಲಿಟ್ಟು ಹಳೆಯ ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ಅಡಿವೆಪ್ಪ ಎದ್ದು ನಿಂತ.

"ಅವತ್ತಿಂದೇ ಪರೀಕ್ಷೆ ಹಚ್ರಿ" ಎಂದಳು. "ಮೂರು ನಿಮಿಷದ್ದು ನಾಕು."

"ಅಭ್ಯಾಸ ಬಿಟ್ಟೈತಿ. ಎದಿ ಹಿಡೀತೈತಿ."

"ಹಚ್ರಿ ಅಂದೆ."

ಹಚ್ಚಿದ. ಅವಳು ಎಳೆದಳು. ಮೊದಲ ಮೂರು ನಿಮಿಷ ಹಳೆಯ ಮಲಪ್ರಭಾಳೇ. ಹಳಿ ಸರಿಯಿತು. ಎರಡನೆಯದರಲ್ಲಿ ಉಸಿರು ಒಡೆಯಿತು. ಮೂರನೆಯದರಲ್ಲಿ ತೊಡೆ ನಡುಗುತ್ತಿತ್ತು. ಬಿಡುವುಗಳಲ್ಲಿ ಅವಳು ಹಿಡಿಕೆ ಇಟ್ಟು, ಹಣೆ ಮೊಣಕಾಲಿಗೆ ಊರಿ, ಪೂರ್ತಿಯಾಗಿ ಬಿದ್ದುಕೊಂಡಳು. ಚಕ್ರ ನಿಂತಿತು. ನಾಲ್ಕನೆಯದನ್ನು ಹಲ್ಲು ಕಚ್ಚಿ ಮುಗಿಸಿದಳು. ಆಮೇಲೆ ತಾನೇ ಕೈ ಚಾಚಿ ಬಲಗಡೆಯ ಗುಂಡಿ ಒತ್ತಿ ಎರಡನೇ ಪುಟ ತೆಗೆದಳು.

ಎರಡು ಸಾವಿರದ ಏಳುನೂರ ಆರು.

ಅದನ್ನು ನೋಡುತ್ತ ಸುಧಾರಿಸಿಕೊಂಡಳು. ಕೇಳಿದಳು: "ಅವತ್ತಿಂದು ಎಷ್ಟಿತ್ತು?"

ಅವಳು ಬಂದದ್ದು ಇದಕ್ಕೇ ಎಂದು ಆಗ ತಿಳಿಯಿತು. ನಿಲಯ ಇನ್ನು ಸಿಗದು, ಅವಳಿಗೂ ಗೊತ್ತು. ತಾನು ಒಂದು ದಿನ ಎಷ್ಟು ಎಳೆದಿದ್ದೆ ಎಂಬ ಆ ಒಂದು ಸಂಖ್ಯೆ, ಅಷ್ಟು ಸಾಕಾಗಿತ್ತು ಅವಳಿಗೆ.

"ಮೂರು ಸಾವಿರದ ಮ್ಯಾಲಿತ್ತು" ಎಂದ ಅಡಿವೆಪ್ಪ.

"ಮ್ಯಾಲ ಅಂದ್ರ ಎಷ್ಟ್ರಿ?"

"ಅಷ್ಟು... ನೆಪ್ಪಿಲ್ಲ."

"ಬರದಿಟ್ಟಿಲ್ಲೇನ್ರಿ?"

"ಇಲ್ಲ."

"ದಿನಾ ತಗದ ನೋಡ್ತಿದ್ದೆ ಅಂದ್ರಿ ಮೊನ್ನೆ."

"ತಗೀತಿದ್ದೆ. ನೋಡಾಕ ಆಗ್ತಿರಲಿಲ್ಲವ್ವಾ."

ಅವಳು ನನ್ನ ಪರದೆಯನ್ನು ನೋಡಿದಳು. ಇದಾದರೂ ಹೇಳಲಿ ಎಂಬಂತೆ ಒಂದೊಂದೇ ದಿನ ಹಿಂದಕ್ಕೆ ಹೋದಳು. ಚೌತಿ, ಆಷಾಢ, ಶಿಬಿರದ ಕೊನೆ, ಅವಳೇ ಹಿಡಿದು ಹಿಡಿದು ಎಳೆದ ಆ ದಿನಗಳು. ಆಯ್ಕೆಯ ದಿನದ ಜಾಗಕ್ಕೆ ಬಂದಾಗ ನನ್ನಲ್ಲಿ ಏನೂ ಇರಲಿಲ್ಲ. ಹೋಟೆಲಿನ ಬೀಗರ ನಲವತ್ತು ಮೀಟರೂ ನನ್ನಲ್ಲಿತ್ತು. ಅವಳ ಆ ಒಂದು ದಿನ ಇರಲಿಲ್ಲ. ನಿಮಗೂ ನಾನು ಆ ಸಂಖ್ಯೆಯನ್ನು ಹೇಳಲಾರೆ. ಅಧಿಕಾರಿ ಗಟ್ಟಿಯಾಗಿ ಓದಿದ ಒಟ್ಟು ನೆನಪಿದೆ, ಎಳೆತದ್ದು ನನಗೆ ಗೊತ್ತಿಲ್ಲ.

ಆ ದಿನ ಒಂದೇ ಯಾಕೆ ಇಲ್ಲ ಎಂಬುದು ತಿಳಿದು, ಅಡಿವೆಪ್ಪನನ್ನು ಒಮ್ಮೆ ನೋಡಿ, ಅವಳು ಮತ್ತೆ ಇವತ್ತಿನ ಪುಟಕ್ಕೆ ಬಂದಳು. ಚೀಲದಿಂದ ಮೊಬೈಲ್ ತೆಗೆದು ಆ ಎರಡನೇ ಪುಟದ ಫೋಟೊ ತೆಗೆದುಕೊಂಡಳು. ಬೆಳಕು ಬಿದ್ದು ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ತೆಗೆದಳು. ಪಾದದ ಪಟ್ಟಿ ಬಿಚ್ಚಿ ಎದ್ದು ನಿಂತು ಅಡಿವೆಪ್ಪನ ಕಡೆ ತಿರುಗಿದಳು.

"ಹೂಂ, ಈಗ ಅಳಸ್ರಿ."

ಅವನು ಅಲುಗಲಿಲ್ಲ.

"ಅಳಸ್ರಿ ಸರ್. ಗುಂಡಿ ಯಾವುದು ಅಂತ ನಿಮಗ ಗೊತ್ತೈತಿ ಅಲ್ಲ."

ಅವನ ಕೈಗಳು ಎರಡೂ ಪಕ್ಕದಲ್ಲಿ ನೇತಾಡುತ್ತಿದ್ದವು. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಸೀಟಿನ ಮೇಲೆ ಬಿದ್ದಿದ್ದ ತನ್ನ ಬೆವರನ್ನು ಅಂಗೈಯಿಂದ ಒರೆಸಿ, ಹೊರಟುಹೋದಳು.

ಅಡಿವೆಪ್ಪ ಆ ವರ್ಷ ಕೇಂದ್ರ ಬಿಟ್ಟ. ಹೋಗುವಾಗ ನನಗೆ ಎಣ್ಣೆ ಬಿಟ್ಟು ಹೋದ. ಆ ಎಣ್ಣೆಯನ್ನು ಬೇಡವೆನ್ನಲು ನನಗೆ ಬಾಯಿರಲಿಲ್ಲ. ಅವನ ಮೇಲೆ ಸಿಟ್ಟಾಗಲು ನನಗೆ ಯಾವ ಅಧಿಕಾರ? ಅವನು ಒಂದು ಸಲ ಒತ್ತಿದ, ನಾನು ಒಂದು ಸಲ ಮಾಡಿದೆ. ಅವನು ಕೊನೆಗೆ ಬಸ್ಸು ಹತ್ತಿ ಹೋಗಿ ಬಾಯಿಬಿಟ್ಟಾದರೂ ಬಂದ.

ಕೇಂದ್ರಕ್ಕೆ ಹೊಸ ಯಂತ್ರಗಳು ಬಂದ ಮೇಲೆ ನನ್ನನ್ನು ಹತ್ತಿರದ ಒಂದು ಜೂನಿಯರ್ ಕಾಲೇಜಿಗೆ ಕೊಟ್ಟರು. ಅಲ್ಲಿ ಒಂದು ವರ್ಷ ಆಟದ ಕೋಣೆಯಲ್ಲಿದ್ದೆ. ಸರಪಳಿ ತುಕ್ಕು ಹಿಡಿದ ಮೇಲೆ ಉಗ್ರಾಣಕ್ಕೆ ಬಂದೆ. ಪಕ್ಕದಲ್ಲಿ ಮುರಿದ ಕೇರಂ ಹಲಗೆ, ಗಾಳಿ ಹೋದ ಚೆಂಡುಗಳು, ಬಾಗಿದ ಜಾವೆಲಿನ್. ಬ್ಯಾಟರಿಗಳನ್ನು ಯಾರೋ ಗೋಡೆ ಗಡಿಯಾರಕ್ಕೆ ತೆಗೆದುಕೊಂಡು ಹೋದರು. ನನ್ನ ಪರದೆ ಈಗ ಕಪ್ಪು. ಸುಗಂಧಾ ಆಮೇಲೆ ಕೈ ಬಿಡುವುದನ್ನು ಕಲಿತಳಂತೆ, ದಕ್ಷಿಣ ವಲಯದ ತಂಡದಲ್ಲಿ ಇದ್ದಾಳಂತೆ. ದೈಹಿಕ ಶಿಕ್ಷಕರು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಮಲಪ್ರಭಾಳ ಹೆಸರನ್ನು ಯಾರೂ ಹೇಳಿಲ್ಲ.

ಬ್ಯಾಟರಿ ಹೋದರೂ ನನ್ನಲ್ಲಿ ಬರೆದದ್ದು ಅಳಿಯುವುದಿಲ್ಲ. ನನ್ನನ್ನು ಹಾಗೆ ಮಾಡಿದ್ದಾರೆ. ಎರಡು ಸಾವಿರದ ಏಳುನೂರ ಆರು ಒಳಗೆ ಇದೆ, ಅವಳ ಹೆಸರಿನ ಮುಂದೆ. ಎರಡು ತಿಂಗಳು ಸೀರೆ ಮಡಚಿ, ಬಸ್ಸಿನಲ್ಲಿ ನಿಂತು ಬಂದು, ಎದೆ ಹಿಡಿದರೂ ಎಳೆದ ದಿನದ ಸಂಖ್ಯೆ ಅದು. ಆ ಪರೀಕ್ಷೆಯಲ್ಲಿ ಅವಳ ಹೆಸರಿಗೆ ನನ್ನಲ್ಲಿ ಉಳಿದಿರುವ ಒಂದೇ ದಾಖಲೆ, ಹಾಗಾಗಿ ಅತ್ಯುತ್ತಮ ದಾಖಲೆ, ಅದೇ. ಯಾರಾದರೂ ನನ್ನನ್ನು ಮತ್ತೆ ಹಚ್ಚಿ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ, ಮತ್ತು ಅವರು ಅದನ್ನು ನಂಬುತ್ತಾರೆ.